ಬಿಸುವಿನಿಂದ ಪತ್ತನಾಜೆಯವರೆಗೆ: ಸೆಕೆಗಾಲದ ಹುಳು, ಚೇಳು, ಜೇಡಗಳಿಗೆ ಮೊದಲೇ ತಯಾರಿ

ಕಾಸರಗೋಡಿನಲ್ಲಿ ಶಿವರಾತ್ರಿ ಕಳೆದರೆ ಸೆಕೆ ಶುರು. ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೆ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಗಾಳಿಯಲ್ಲಿ ತೇವ ಜಾಸ್ತಿ, ರಾತ್ರಿ ಫ್ಯಾನ್ ತಿರುಗಿದರೂ ಬೆವರು ಆರುವುದಿಲ್ಲ. ಏಪ್ರಿಲ್ ಅರ್ಧ ದಾಟಿದ ಮೇಲೆ ಕೆಲವು ಸಂಜೆ ಘಟ್ಟದ ಕಡೆ ಮೋಡ ಕಟ್ಟುತ್ತದೆ. ಗುಡುಗು ಮಿಂಚಿನ ಜೊತೆ ಒಂದು ಮಳೆ ಬಿದ್ದು ಹೋಗುತ್ತದೆ. ಮೇ 24ರ ಆಸುಪಾಸಿನಲ್ಲಿ ಪತ್ತನಾಜೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ನಮ್ಮ ಜಿಲ್ಲೆಗೆ ವರ್ಷದಲ್ಲಿ ಬೀಳುವ ಸುಮಾರು 3500 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ಅಲ್ಲಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ.

ಹುಳುಗಳು ಬರುವುದೂ ಈ ಲೆಕ್ಕದಲ್ಲೇ. ರಬ್ಬರ್ ಎಲೆ ಉದುರಿದಾಗ ಒಂದು, ಒಣ ಗುಡ್ಡೆಯಲ್ಲಿ ಇನ್ನೊಂದು, ಮೊದಲ ಮಳೆ ಬಿದ್ದ ಸಂಜೆ ಮತ್ತೊಂದು. ಬಂದ ಮೇಲೆ ಸ್ಪ್ರೇ ಡಬ್ಬಿ ಹಿಡಿದು ಓಡಾಡಿದರೆ ದುಡ್ಡು ದಂಡ, ಮೂಗಿಗೂ ಕಷ್ಟ. ಬರುವ ಒಂದು ತಿಂಗಳು ಮುಂಚೆ ಸರಿಯಾದ ಜಾಗದಲ್ಲಿ ಅರ್ಧ ದಿನ ಕೆಲಸ ಮಾಡಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಹಾಗಾಗಿ ಇಲ್ಲಿ ಹಂತಗಳನ್ನು ಹವಾಮಾನದ ಕ್ರಮದಲ್ಲಿ ಕೊಟ್ಟಿದ್ದೇನೆ. ಜೇಡವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮನೆಯಲ್ಲಿ ಮೊದಲು ಏಟು ತಿನ್ನುವುದು ಅದೇ, ನಿಜಕ್ಕೂ ತೊಂದರೆ ಕೊಡುವವರ ಪಟ್ಟಿಯಲ್ಲಿ ಅದರ ಜಾಗ ಕಟ್ಟಕಡೆಗೆ.

ಹಂತ 1: ಫೆಬ್ರವರಿ–ಮಾರ್ಚ್, ರಬ್ಬರ್ ತೋಟದ ತರಗೆಲೆ

ಮನೆ ಪಕ್ಕ ರಬ್ಬರ್ ಇಲ್ಲದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಇರುವವರಿಗೆ ಇದೇ ಮುಖ್ಯ.

ಕಡಲೆಕಾಳಿಗಿಂತ ಸ್ವಲ್ಪ ಉದ್ದದ, ಕಪ್ಪು-ಕಂದು ಬಣ್ಣದ ದುಂಬಿ. ತೃಶ್ಶೂರಿನ ಮುಪ್ಲಿ ಎಂಬ ಜಾಗದ ಹೆಸರಿನಿಂದ ಕೇರಳದಲ್ಲೆಲ್ಲ ಮುಪ್ಲಿ ಹುಳು ಅಂತಲೇ ಕರೆಯುತ್ತಾರೆ. ಇದರ ಊಟ ರಬ್ಬರ್ ಮರದ ಉದುರಿದ ಎಲೆ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿ ನೆಲ ಮುಚ್ಚುತ್ತದೆ ಅಲ್ವಾ, ಅದರಡಿ ಇದು ಮೊಟ್ಟೆ ಇಡುತ್ತದೆ. ಮರಿಹುಳುಗಳು ಅಲ್ಲೇ ತಿಂದು ಬೆಳೆಯುತ್ತವೆ. ಬೇಸಿಗೆಯ ಮೊದಲ ಮಳೆ ಬಿದ್ದು ಎಲೆ ಒದ್ದೆಯಾದ ಕೂಡಲೇ ಬೆಳೆದ ದುಂಬಿಗಳೆಲ್ಲ ಒಟ್ಟಿಗೆ ಹೊರಟು ಹತ್ತಿರದ ಮನೆಯ ದೀಪ ಹುಡುಕಿ ಬರುತ್ತವೆ. ಒಂದೊಂದು ಮನೆಗೆ ಲಕ್ಷಗಟ್ಟಲೆ. ಹಂಚಿನ ಸಂದು, ಅಟ್ಟ, ಸೀಲಿಂಗ್ ಮೇಲೆ ರಾಶಿ ಕೂತು ಏನೂ ತಿನ್ನದೆ ತಿಂಗಳುಗಟ್ಟಲೆ ಮಲಗುತ್ತವೆ. ಮುಂದಿನ ಸಲ ಎಲೆ ಉದುರುವಾಗ ವಾಪಸ್ಸು ತೋಟಕ್ಕೆ.

ಕಚ್ಚುವುದಿಲ್ಲ, ಬಟ್ಟೆ ಧಾನ್ಯ ಮುಟ್ಟುವುದಿಲ್ಲ, ಮನೆಯೊಳಗೆ ಮರಿ ಮಾಡುವುದೂ ಇಲ್ಲ. ಆದರೆ ಒತ್ತಿದರೆ ನಾತದ ರಸ ಬಿಡುತ್ತದೆ, ಅದು ತಾಗಿದ ಚರ್ಮ ಉರಿದು ಕಪ್ಪಗಾಗುತ್ತದೆ. ಮಾಡಿನಿಂದ ಹಾಸಿಗೆಗೆ, ಅನ್ನದ ತಟ್ಟೆಗೆ ಉದುರುತ್ತಿದ್ದರೆ ಯಾರಿಗೆ ತಾನೆ ನೆಮ್ಮದಿ?

ಮಾಡಬೇಕಾದ್ದು ಇಷ್ಟು. ಮಾರ್ಚ್ ಮುಗಿಯುವುದರೊಳಗೆ ಮನೆಗೆ ತಾಗಿದ ತೋಟದ ಅಂಚಿನ ತರಗೆಲೆಯನ್ನು ಗುಡಿಸಿ ಒಳಕ್ಕೆ ಎಳೆಯಿರಿ, ಇಲ್ಲವೇ ಹಟ್ಟಿಗೆ ಹಾಕಿ ಗೊಬ್ಬರ ಮಾಡಿ. ಇಡೀ ತೋಟ ಗುಡಿಸುವುದು ಆಗದ ಮಾತು, ಮಣ್ಣಿಗೂ ಒಳ್ಳೆಯದಲ್ಲ. ಮನೆ ಸುತ್ತ ಕೆಲವು ಮಾರು ನೆಲ ಬರಿದಾಗಿದ್ದರೂ ಅಷ್ಟರ ಮಟ್ಟಿಗೆ ಕಡಿಮೆ. ಬೆಂಕಿ ಮಾತ್ರ ಬೇಡ. ಆ ಹೊತ್ತಿನಲ್ಲಿ ಗುಡ್ಡೆಯ ಮುಳಿ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಪಕ್ಕದವರ ಗೇರು ತೋಟಕ್ಕೆ ಹಾರಿದರೆ ಮುಗಿಯಿತು.

ದಂಡು ಬಂದೇ ಬಿಟ್ಟಿತು ಅನ್ನಿ. ಸಂಜೆ ಆರೂವರೆಗೆ ಮನೆಯ ಹೊರದೀಪ ಆರಿಸಿ. ಅಂಗಳದ ಆಚೆ ತುದಿಯಲ್ಲಿ ಒಂದು ಬಿಳಿ ಬಲ್ಬ್ ಕಟ್ಟಿ, ಕೆಳಗೆ ಅಗಲ ಬಾಲ್ದಿಯಲ್ಲಿ ಸೋಪು ಕದಡಿದ ನೀರು ಇಡಿ. ಸಾವಿರಾರು ಅದರಲ್ಲೇ ಬೀಳುತ್ತವೆ. ಒಳಗೆ ಬಂದವನ್ನು ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸಿ ಅದೇ ನೀರಿಗೆ ಹಾಕಿ, ಕೈಯಿಂದ ಹಿಸುಕಬೇಡಿ. ಮಲಗುವ ಜಾಗದ ಮೇಲೆ ಹಳೆ ಸೀರೆಯನ್ನೋ ಪಂಚೆಯನ್ನೋ ಚಪ್ಪರದ ಹಾಗೆ ಕಟ್ಟಿ. ರಾತ್ರಿ ಕಿವಿಗೆ ಹುಳು ಹೋದರೆ ಕಡ್ಡಿ ಹಾಕಿ ಕೆದಕಬೇಡಿ. ಉಗುರು ಬೆಚ್ಚಗಿನ ತೆಂಗಿನೆಣ್ಣೆ ಕೆಲವು ಹನಿ ಬಿಟ್ಟರೆ ಹುಳು ಸಾಯುತ್ತದೆ, ತೆಗೆಸುವ ಕೆಲಸ ಡಾಕ್ಟರಿಗೆ ಬಿಡಿ. ಕಿವಿ ತಮಟೆ ತೂತಾದವರಿಗೆ ಎಣ್ಣೆಯೂ ಬೇಡ.

ಹಂತ 2: ಮಾರ್ಚ್, ಕಲ್ಲಿನ ರಾಶಿ ಮತ್ತು ಚೇಳು

ನಮ್ಮದು ಮುರಕಲ್ಲಿನ ನಾಡು. ಪಾರೆ ಮೇಲೆ ಮನೆ ಕಟ್ಟಿದವರ ಅಂಗಳದ ಮೂಲೆಯಲ್ಲಿ ಉಳಿದ ಕಲ್ಲಿನ ರಾಶಿ ಇದ್ದೇ ಇರುತ್ತದೆ, "ಮುಂದೆ ಬೇಕಾಗುತ್ತದೆ" ಅಂತ. ಅದರ ಪಕ್ಕ ಮಳೆಗಾಲಕ್ಕೆ ಕೂಡಿಟ್ಟ ಮಡಲು, ಗೆರಟೆ (ತೆಂಗಿನ ಚಿಪ್ಪು), ಸೌದೆ. ಚೇಳಿಗೂ ಜರಿಗೂ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಬೇಸಿಗೆಯ ರಾತ್ರಿ ಅವು ಬೇಟೆಗೆ ಹೊರಡುತ್ತವೆ. ಮೊದಲ ಮಳೆಯ ನೀರು ಬಿಲಕ್ಕೆ ನುಗ್ಗಿದಾಗ ಮನೆಯೊಳಗೆ ಬರುತ್ತವೆ.

ರಾಶಿಯನ್ನು ಮನೆ ಗೋಡೆಯಿಂದ ದೂರ ಸಾಗಿಸಿ, ಅದೂ ಹಗಲಲ್ಲಿ, ಶೂ ಮತ್ತು ದಪ್ಪ ಕೈಗವಸು ಹಾಕಿಕೊಂಡು. ಸೌದೆಯನ್ನು ನೆಲದ ಮೇಲೆ ಒಟ್ಟುವ ಬದಲು ಎರಡು ಸಾಲು ಕಲ್ಲಿಟ್ಟು ಎತ್ತರದಲ್ಲಿ ಒಟ್ಟಿ. ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ ಹಾಕಿ. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹೊಡೆಯಿರಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೊರಗಿಟ್ಟ ಚಪ್ಪಲಿ, ಶೂ, ಹೆಲ್ಮೆಟ್ ಕೊಡವಿ ಹಾಕಿಕೊಳ್ಳುವುದನ್ನು ಮಕ್ಕಳಿಗೆ ಈ ತಿಂಗಳಲ್ಲೇ ರೂಢಿ ಮಾಡಿಸಿ.

ಚೇಳು ಇದೆಯೋ ಇಲ್ಲವೋ ನೋಡಲು ಒಂದು ಸುಲಭ ದಾರಿ ಇದೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಯುವಿ ಟಾರ್ಚ್ ಕಡಿಮೆ ಬೆಲೆಗೆ ಸಿಗುತ್ತದೆ. ಕತ್ತಲಲ್ಲಿ ಕಲ್ಲಿನ ರಾಶಿ ಮೇಲೆ ಹಾಯಿಸಿದರೆ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ. ಹೆಚ್ಚುಕಡಿಮೆ ಎಲ್ಲ ಜಾತಿಯ ಚೇಳೂ ಹೀಗೆ ಹೊಳೆಯುತ್ತವೆ. ಯಾವ ಮೂಲೆಯಲ್ಲಿ ಜಾಸ್ತಿ ಅಂತ ಗೊತ್ತಾದರೆ ಕೆಲಸ ಅಲ್ಲಿಂದಲೇ ಶುರು ಮಾಡಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಇಟ್ಟುಕೊಳ್ಳಲೇಬೇಕು ಅನ್ನುತ್ತೇನೆ ನಾನು.

ಕಪ್ಪಗೆ ದೊಡ್ಡದಾಗಿ, ಏಡಿಯಂಥ ದಪ್ಪ ಕೊಂಬಿರುವ ಚೇಳು ನೋಡಲು ಭಯಂಕರ. ಕುಟುಕಿದರೆ ನೋವು ಇದೆ, ಜೀವಕ್ಕೆ ಅಪಾಯ ಸಾಮಾನ್ಯವಾಗಿ ಇಲ್ಲ. ಹೆದರಬೇಕಾದ್ದು ಕೆಂಪು-ಕಂದು ಬಣ್ಣದ, ಸಣ್ಣ ಮೈಯ, ತೆಳು ಕೊಂಬಿನ, ದಪ್ಪ ಬಾಲದ ಚೇಳಿಗೆ. ಕೆಂಪು ಚೇಳು ಅನ್ನುವುದು ಇದನ್ನೇ. ಕುಟುಕಿದ ಮೇಲೆ ಜೋರಾಗಿ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಉಸಿರು ಕಟ್ಟುವುದು ಕಂಡರೆ ವಿಷ ಹೃದಯಕ್ಕೆ ತಾಗಿದೆ ಅಂತ ಅರ್ಥ. ಮಹಾರಾಷ್ಟ್ರದ ಕೊಂಕಣ ಭಾಗದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಇದಕ್ಕೆ ಪ್ರಾಝೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಕೊಟ್ಟು ನೋಡಿದರು. ಅಲ್ಲಿಯವರೆಗೆ ಇಂಥ ಸ್ಥಿತಿಗೆ ಬಂದವರಲ್ಲಿ ಅನೇಕರು ಉಳಿಯುತ್ತಿರಲಿಲ್ಲ, ಈ ಗುಳಿಗೆ ಬಂದ ಮೇಲೆ ಸಾವು ತುಂಬ ಕಡಿಮೆಯಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಈಗ ಇದು ಮುಖ್ಯ ಚಿಕಿತ್ಸೆಗಳಲ್ಲಿ ಒಂದು. ಅದನ್ನು ಕೊಡುವವರು ಡಾಕ್ಟರ್, ಮನೆಯಲ್ಲಿ ನಾವೇ ನುಂಗಿಸುವಂಥದ್ದಲ್ಲ.

ಹಾಗಾಗಿ ಕುಟುಕಿದ ಜಾಗ ತೊಳೆಯಿರಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಗೀರುವುದು, ಸುಣ್ಣ ಹಚ್ಚಿ ಕಾಯುವುದು ಬೇಡ. ಮಕ್ಕಳಿಗೆ ಕುಟುಕಿದರೆ ಯಾವ ಬಣ್ಣದ್ದು ಅಂತ ಯೋಚಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಚೇಳನ್ನು ಹಿಡಿದು ತರುವ ಸಾಹಸ ಬೇಡ, ಫೋನಿನಲ್ಲಿ ಒಂದು ಫೋಟೋ ಸಾಕು. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ತೆಂಕಣ ಕೇರಳದಿಂದ ಬಂದ ಡಾಕ್ಟರರಿಗೆ ಕನ್ನಡ ತಿಳಿಯದೆ ಇರಬಹುದು, ಫೋಟೋ ಇದ್ದರೆ ವಿವರಿಸುವ ಕಷ್ಟವೂ ಇಲ್ಲ.

ಜರಿ ಕಚ್ಚಿದರೆ ನೋವು ವಿಪರೀತ. ಕಚ್ಚಿದ ಭಾಗವನ್ನು ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅದ್ದಿ ಇಟ್ಟರೆ ಇಳಿಯುತ್ತದೆ. ಚೋರಟೆ (ಸಹಸ್ರಪದಿ) ಪಾಪದ ಪ್ರಾಣಿ, ಗುಡಿಸಿ ಹೊರಗೆ ಹಾಕಿ.

ಹಂತ 3: ಗುಡ್ಡೆಗೆ ಹೋಗುವವರು ಉಣುಗು ನೋಡಿಕೊಳ್ಳಿ

ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಮರಿಗಳ ಕಾಲ. ದರಗು ಗುಡಿಸಲು, ಸೊಪ್ಪಿಗೆ, ಸೌದೆಗೆ ಕಾಡಿನಂಚಿಗೆ ಹೋಗುವವರ ಕಾಲಿಗೆ ಹತ್ತಿಕೊಳ್ಳುತ್ತವೆ. ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಈ ಜ್ವರ 2015ರ ಹೊತ್ತಿಗೆ ವಯನಾಡಿನಲ್ಲೂ ಜೀವ ತೆಗೆದಿದೆ.

ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಮಂಡಿಯ ಹಿಂದೆ, ಸೊಂಟ, ಕಂಕುಳು, ಕಿವಿಯ ಹಿಂದೆ ತಡವಿ ನೋಡಿ. ಅಂಟಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು ಹಳೆ ಪದ್ಧತಿ, ಅದರಿಂದ ಉಣುಗು ಹೊಟ್ಟೆಯಲ್ಲಿದ್ದುದನ್ನು ಇನ್ನಷ್ಟು ಒಳಗೆ ಕಕ್ಕುತ್ತದೆ. ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ಮಂಡೆನೋವು, ಮೈಕೈ ನೋವು ಬಂದರೆ ಡಾಕ್ಟರ ಬಳಿ ಗುಡ್ಡೆಗೆ ಹೋಗಿದ್ದನ್ನು ಹೇಳಲು ಮರೆಯಬೇಡಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಹಂತ 4: ಮೊದಲ ಮಳೆಗೆ ಮುಂಚೆ ದೀಪ ಬದಲಿಸಿ

ಇದಕ್ಕೆ ಖರ್ಚು ಕಡಿಮೆ, ಲಾಭ ಜಾಸ್ತಿ. ಸಿಟೌಟಿನಲ್ಲಿ ಬಾಗಿಲ ನೆತ್ತಿಯ ಮೇಲೇ ಬಿಳಿ ಟ್ಯೂಬ್‌ಲೈಟ್ ಹಾಕುವುದು ನಮ್ಮ ಕಡೆ ಮಾಮೂಲು. ಹುಳುಗಳಿಗೆ ನೀಲಿ ಛಾಯೆಯ ಬಿಳಿ ಬೆಳಕು ತುಂಬ ಇಷ್ಟ, ಹಳದಿ ಬೆಳಕು ಅಷ್ಟಾಗಿ ಬೇಡ. ಹೊರಗಿನ ಬಲ್ಬುಗಳನ್ನು ಹಳದಿ ಎಲ್‌ಇಡಿಗೆ ಬದಲಿಸಿ. ಆದರೆ ಬಾಗಿಲಿನಿಂದ ಸ್ವಲ್ಪ ದೂರದ ಕಂಬಕ್ಕೆ ಹಾಕಿ. ಕಿಟಕಿಗೆ ಜಾಲರಿ ಇಲ್ಲದಿದ್ದರೆ ಸಂಜೆ ದೀಪ ಹಾಕುವ ಮುಂಚೆ ಮುಚ್ಚಿ, ಎಂಟು ಗಂಟೆ ಮೇಲೆ ತೆರೆಯಿರಿ.

ಬೆಳಕಿಗೆ ಹುಳು, ಹುಳುವಿಗೆ ಹಲ್ಲಿ ಮತ್ತು ಕಪ್ಪೆ, ಕಪ್ಪೆಗೆ ಹಾವು. ಮೆಟ್ಟಿಲ ಬಳಿ ಹಾವು ಕಂಡಿತು ಅಂತ ಗಾಬರಿಯಾಗುವ ಮನೆಗಳಲ್ಲಿ ಒಮ್ಮೆ ದೀಪ ಎಲ್ಲಿದೆ ಅಂತ ನೋಡಿ.

ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆ ಹುಳುಗಳು ಏಳುತ್ತವೆ. ಅವುಗಳ ಹಾರಾಟ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಎಲ್ಲ ದೀಪ ಆರಿಸಿ ಅಂಗಳದಲ್ಲಿ ಕುರ್ಚಿ ಹಾಕಿ ಕೂತರೆ ಆಯಿತು. ಹೇಗೂ ಆ ಹೊತ್ತಿಗೆ ಕರೆಂಟು ತಾನಾಗಿಯೇ ಹೋಗುವುದುಂಟು. ಆದರೆ ಗೋಡೆಯೊಳಗಿನಿಂದಲೋ ಬಾಗಿಲ ಚೌಕಟ್ಟಿನಿಂದಲೋ ಎದ್ದು ಬಂದರೆ ಗೂಡು ಮನೆಯಲ್ಲೇ ಇದೆ. ಮರಗೆಲಸದವರನ್ನು ಕರೆಸಿ.

ಇನ್ನು ಬರುವುದು ನಿಜವಾದ ಕಿರುಕುಳದ ಹುಳು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಕಿತ್ತಳೆ ಮತ್ತು ಕಪ್ಪು ಪಟ್ಟೆ, ಬೆನ್ನ ಮೇಲೆ ನೀಲಿ ಹೊಳಪಿನ ಗಿಡ್ಡ ರೆಕ್ಕೆ ಕವಚ. ಓಡುವಾಗ ಬಾಲದ ತುದಿ ಎತ್ತುತ್ತದೆ, ನೋಡಿದವರು ದೊಡ್ಡ ಇರುವೆ ಅಂದುಕೊಳ್ಳುತ್ತಾರೆ. ಸುದ್ದಿಯಲ್ಲಿ ನೈರೋಬಿ ನೊಣ, ಆಸಿಡ್ ಹುಳು ಅಂತ ಬಂದದ್ದು ಇದೇ. ವಾಸ್ತವದಲ್ಲಿ ಇದು ಒಂದು ಜಾತಿಯ ದುಂಬಿ. ಗದ್ದೆ, ತೋಡಿನ ಬದಿಯ ಹಸಿ ಮಣ್ಣಿನಲ್ಲಿ ಇರುತ್ತದೆ, ಬೆಳೆಗೆ ತೊಂದರೆ ಕೊಡುವ ಕೀಟಗಳನ್ನು ತಿನ್ನುತ್ತದೆ. ಮಳೆ ಬಿದ್ದ ಮೇಲೆ ಬೆಳಕಿಗೆ ಹಾರಿ ಬರುತ್ತದೆ.

ಇದೂ ಕಚ್ಚುವುದಿಲ್ಲ. ಅದರ ರಕ್ತದಲ್ಲಿ ಪೆಡೆರಿನ್ ಎಂಬ ವಿಷ ಇದೆ. ಕುತ್ತಿಗೆ ಮೇಲೆ ಕೂತಾಗ ನಾವು ಸುಮ್ನೆ ಚಟ್ ಅಂತ ಹೊಡೆದು ಉಜ್ಜುತ್ತೇವಲ್ಲ, ಆಗ ರಸ ಚರ್ಮಕ್ಕೆ ಮೆತ್ತುತ್ತದೆ. ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಕೆಂಪು ಗೆರೆ, ಉರಿ, ನೀರು ತುಂಬಿದ ಗುಳ್ಳೆ. ಮೊಣಕೈ ಮಡಚುವ ಜಾಗದಲ್ಲಾದರೆ ಎರಡೂ ಕಡೆ ಅಚ್ಚೊತ್ತಿದಂತೆ ಜೋಡಿ ಗಾಯ. ರಾತ್ರಿ ನಡೆದದ್ದು ನೆನಪಿರುವುದಿಲ್ಲ, ಹಾಗಾಗಿ ಮನೆಯಲ್ಲಿ "ಜೇಡ ಹರಿದಿರಬೇಕು" ಅಂತ ತೀರ್ಪು ಆಗುತ್ತದೆ. ಕೆಲವರು ಸರ್ಪಸುತ್ತು ಅಂದುಕೊಂಡು ಮಂತ್ರ ಹಾಕಿಸಲು ಹೊರಡುತ್ತಾರೆ.

ಮೈ ಮೇಲೆ ಕಂಡರೆ ಹೊಡೆಯಬೇಡಿ. ಊದಿ ಹಾರಿಸಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿ ತೆಗೆಯಿರಿ. ಒರೆಸಿ ಹೋಗಿದ್ದರೆ ಕೂಡಲೇ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ, ಕೈಯನ್ನೂ ತೊಳೆಯಿರಿ. ಆ ಕೈ ಕಣ್ಣಿಗೆ ಹೋಗಬಾರದು. ಟವೆಲ್, ದಿಂಬಿನ ಕವರ್ ಒಗೆಯಲು ಹಾಕಿ. ಗುಳ್ಳೆ ಎದ್ದರೆ ಒಡೆಯಬೇಡಿ, ಸುಣ್ಣ, ಟೂತ್‌ಪೇಸ್ಟ್ ಬಳಿಯಬೇಡಿ. ತಣ್ಣೀರು ಬಟ್ಟೆ ಇಡಿ, ಜಾಸ್ತಿ ಇದ್ದರೆ ಡಾಕ್ಟರ ಹತ್ತಿರ ಮುಲಾಮು ಬರೆಸಿಕೊಳ್ಳಿ. ಒಂದರಿಂದ ಮೂರು ವಾರದಲ್ಲಿ ಗುಣವಾಗುತ್ತದೆ, ಕಪ್ಪು ಕಲೆ ಸ್ವಲ್ಪ ಕಾಲ ಉಳಿಯುತ್ತದೆ. ಕಣ್ಣಿಗೆ ತಾಗಿದ್ದರೆ ನೀರಿನಲ್ಲಿ ತೊಳೆದು ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಿ.

ಹಂತ 5: ಮರ ಹತ್ತುವ ಮುಂಚೆ ತಲೆ ಎತ್ತಿ ನೋಡಿ

ಮೇ ಕೊನೆಗೆ ಅಡಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಮದ್ದಿನವರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಯಾರೂ ಮೇಲೆ ನೋಡುವುದಿಲ್ಲ. ಅವರು ಬರುವ ಹಿಂದಿನ ದಿನ ನೀವೇ ತೋಟದಲ್ಲಿ ಒಂದು ಸುತ್ತು ಹಾಕಿ, ಕಡಜದ ಗೂಡು, ಹೆಜ್ಜೇನು ಇರುವ ಮರಕ್ಕೆ ಕೆಂಪು ಬಟ್ಟೆ ಕಟ್ಟಿ.

ಹೆಜ್ಜೇನಿನ ಹತ್ತಿರ ಹೊಗೆ, ಕಲ್ಲು, ಪಟಾಕಿ ಬೇಡ. ಒಂದು ಜೇನು ಕುಟುಕಿದ ಜಾಗದಿಂದ ಹೊರಡುವ ವಾಸನೆ ಉಳಿದವನ್ನು ಕರೆಯುತ್ತದೆ. ಅದು ಮಾಗಿದ ಬಾಳೆಹಣ್ಣಿನ ವಾಸನೆಗೆ ಹತ್ತಿರ. ಎದ್ದು ಬಂದರೆ ಮುಖ ಮುಚ್ಚಿಕೊಂಡು ನೇರ ಓಡಿ, ಮನೆಯೊಳಗೋ ಕಾರಿನೊಳಗೋ ಹೋಗಿ ಬಾಗಿಲು ಹಾಕಿ. ಕೆರೆಗೆ ಹಾರಬೇಡಿ, ತಲೆ ಎತ್ತುವವರೆಗೂ ಅವು ಮೇಲೆ ಕಾಯುತ್ತವೆ. ಜೇನಿನ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಿರುತ್ತದೆ. ಉಗುರೋ ಎಟಿಎಂ ಕಾರ್ಡೋ ಯಾವುದು ಕೈಗೆ ಸಿಕ್ಕಿತೋ ಅದರಿಂದ ಬೇಗ ಕೆರೆದು ತೆಗೆಯಿರಿ. ಕಡಜ ಮುಳ್ಳು ಬಿಡುವುದಿಲ್ಲ, ಒಂದೇ ಹುಳು ಹಲವು ಸಲ ಕುಟುಕುತ್ತದೆ. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಾಟಕ್ಕೆ ಕಷ್ಟ, ತಲೆ ಸುತ್ತು ಕಂಡರೆ ಒಂದೇ ಹುಳು ಕುಟುಕಿದ್ದರೂ ಕೂಡಲೇ ಆಸ್ಪತ್ರೆ. ಹತ್ತಾರು ಕುಟುಕಿದ್ದರೆ ಹೇಗೂ ಹೋಗಲೇಬೇಕು.

ನುಗ್ಗೆ ಮರದ ಕಾಂಡಕ್ಕೆ ಕಂಬಳಿ ಹುಳುಗಳು ಗುಂಪು ಗುಂಪಾಗಿ ಅಂಟಿದ್ದರೆ ಸೋಪು ನೀರು ಎರಚಿ ಕೆಳಗೆ ಬೀಳಿಸಿ. ಮೈಗೆ ತಾಗಿದರೆ ಉಜ್ಜದೆ, ಅಂಟುಟೇಪನ್ನು ಒತ್ತಿ ಒತ್ತಿ ಎತ್ತಿ. ರೋಮಗಳು ಟೇಪಿಗೆ ಹತ್ತಿಕೊಂಡು ಬರುತ್ತವೆ. ಆಮೇಲೆ ತೊಳೆಯಿರಿ.

ಹಂತ 6: ಪತ್ತನಾಜೆಗೆ ಮುಂಚೆ ನೀರು ನಿಲ್ಲುವ ಜಾಗ

ಡೆಂಗ್ಯೂ ತರುವ ಸೊಳ್ಳೆ ಚರಂಡಿಯದ್ದಲ್ಲ. ಕಪ್ಪು ಮೈಗೆ ಬಿಳಿ ಪಟ್ಟೆ, ಹಗಲಲ್ಲೇ ಕಚ್ಚುತ್ತದೆ, ಶುಭ್ರ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯನ್ನು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟದ ಮೇಲೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದಾಗ ಒಡೆಯುತ್ತದೆ. ಹಾಗಾಗಿ ಮಳೆಗೆ ಮುಂಚೆ ಪಾತ್ರೆ, ಡ್ರಮ್ಮುಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯಬೇಕು. ನೀರು ಚೆಲ್ಲಿದರಷ್ಟೇ ಸಾಲದು.

ನಮ್ಮ ತೋಟಗಳಲ್ಲಿ ನೀರು ನಿಲ್ಲುವ ಜಾಗಗಳು ಪೇಟೆಯವರಿಗೆ ಗೊತ್ತೇ ಆಗದಂಥವು. ಬಿದ್ದ ಅಡಕೆ ಹಾಳೆ ಮೊದಲನೆಯದು. ಮೊಗಚಿ ಹಾಕಿ, ಇಲ್ಲವೇ ಕತ್ತಿಯಿಂದ ಒಂದು ಗೀರು ಹಾಕಿ. ರಬ್ಬರ್ ಹಾಲಿಗೆ ಕಟ್ಟಿದ ಗೆರಟೆಗಳು, ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಕವುಚಿ ಹಾಕಬೇಕು. ಒಡೆದು ಬಿಸಾಕಿದ ಕೊಕ್ಕೋ ಸಿಪ್ಪೆ. ಎಳನೀರು ಕುಡಿದು ಎಸೆದ ಬೊಂಡ. ಅಡಕೆ ಒಣಗಿಸಿ ಮಡಚಿಟ್ಟ ಟಾರ್ಪಾಲಿನ ಮಡಿಕೆ. ಮನೆಯೊಳಗೆ ಫ್ರಿಜ್ಜಿನ ಹಿಂದಿನ ತಟ್ಟೆ, ಇರುವೆ ಬಾರದಂತೆ ಪಾತ್ರೆಯ ಅಡಿಗಿಟ್ಟ ನೀರು, ಟೆರೇಸಿನ ಟ್ಯಾಂಕಿನ ಸರಿಯಾಗಿ ಕೂರದ ಮುಚ್ಚಳ. ಮಲೇರಿಯಾ ಸೊಳ್ಳೆಯ ಒಂದು ಜಾತಿಗೂ ಇಂಥ ಟ್ಯಾಂಕು, ಬಾವಿಗಳೇ ಬೇಕು. ಬಾವಿಗೆ ಬಲೆ ಹಾಕಿ, ತೋಟದ ಟ್ಯಾಂಕಿಗೆ ಗಪ್ಪಿ ಮೀನು ಬಿಡಿ.

ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ಆದ್ದರಿಂದ ವಾರಕ್ಕೊಂದು ದಿನ ಡ್ರೈ ಡೇ ಅನ್ನುತ್ತದೆ ಆರೋಗ್ಯ ಇಲಾಖೆ. ಕೇರಳದಲ್ಲಿ ಡ್ರೈ ಡೇ ಅಂದರೆ ಬಾಗಿಲು ಹಾಕಿದ ಬೇರೊಂದು ಅಂಗಡಿ ನೆನಪಾಗುವವರೂ ಇದ್ದಾರೆ, ಇರಲಿ. ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಅರ್ಧ ಗಂಟೆ ಸುತ್ತಿದರೆ ಸಾಕು. ಹೊಗೆ ಹೊಡೆಯುವ ಗಾಡಿ ಬಂದರೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ, ಗೆರಟೆಯೊಳಗಿನ ಮರಿಗೆ ಏನೂ ಆಗುವುದಿಲ್ಲ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಸರಿ. ಡೆಂಗ್ಯೂ ಇರಬಹುದು ಅನ್ನುವ ಕಾಲದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ವಾಸಿಯಾಯಿತು ಅಂತ ಸುಮ್ಮನಿರಬೇಡಿ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಅದೇ.

ಹಂತ 7: ಡಬ್ಬಿ ತೆರೆಯುವ ಮುನ್ನ

ತೋಟಕ್ಕೆ ತಂದ ಕೀಟನಾಶಕವನ್ನು ಮನೆಯ ಮಾಡಿಗೆ, ಬಚ್ಚಲಿಗೆ ಹೊಡೆಯುವವರಿದ್ದಾರೆ. ಕಾಸರಗೋಡಿನವರಿಗೆ ಈ ವಿಷಯದಲ್ಲಿ ಬೇರೆಯವರು ಪಾಠ ಹೇಳಬೇಕಿಲ್ಲ. ಗೇರಿನ ರಸ ಹೀರುವ, ಚಹಾ ಸೊಳ್ಳೆ ಎಂಬ ಕೀಟಕ್ಕೆ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಹೆಸರಿನ ಊರುಗಳ ಮಕ್ಕಳು ಇವತ್ತಿಗೂ ಹಾಸಿಗೆ ಹಿಡಿದಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಅದೇ ಚಹಾ ಸೊಳ್ಳೆಯನ್ನು ಮರದ ಮೇಲೆ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಹಿಡಿದು ತಿನ್ನುತ್ತದೆ. ಗೇರು ಕೊಯ್ಯುವಾಗ ಕಚ್ಚುತ್ತದೆ ಅಂತ ನಾವು ಅದಕ್ಕೂ ಮದ್ದು ಹೊಡೆಯುತ್ತೇವೆ.

ನಮ್ಮ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಬರುವಂಥದ್ದು. ಅಂಗಳಕ್ಕೆ ಹೊಡೆದದ್ದು ಮೊದಲ ಮಳೆಗೆ ಅಲ್ಲಿಗೇ ಸೇರುತ್ತದೆ. ಜಿರಳೆಗೆ ಮೂಲೆಯಲ್ಲಿ ಇಡುವ ಜೆಲ್ ಸಾಕು. ಸೊಳ್ಳೆಗೆ ಪರದೆ, ಫ್ಯಾನ್, ಮೈಗೆ ಹಚ್ಚುವ ಮುಲಾಮು. ಮನೆಬಳಕೆಯ ಸ್ಪ್ರೇ ಹೊಡೆಯಲೇಬೇಕಾದರೆ ಮಕ್ಕಳನ್ನು ಹೊರಗೆ ಕಳಿಸಿ, ಅನ್ನ ನೀರು ಮುಚ್ಚಿ, ಅರ್ಧ ಗಂಟೆ ಬಿಟ್ಟು ಕಿಟಕಿ ತೆರೆಯಿರಿ.

ಹಂತ 8: ಜೇಡವನ್ನು ಏನು ಮಾಡುವುದು?

ಸೆಕೆಗಾಲದ ರಾತ್ರಿ ಅಡುಗೆಮನೆಯ ದೀಪ ಹಾಕಿದಾಗ ಗೋಡೆಯ ಮೇಲೆ ಅಂಗೈಯಷ್ಟು ಅಗಲದ ಕಂದು ಜೇಡ ಕಾಣುತ್ತದೆ. ಚಪ್ಪಟೆ ಮೈ, ಉದ್ದ ಕಾಲು, ಓಟ ಬಹಳ ಜೋರು. ಇದು ಬಲೆ ಕಟ್ಟುವುದಿಲ್ಲ. ಜಿರಳೆ ಹಿಡಿಯುವುದೇ ಇದರ ಕಸುಬು. ಹೊಟ್ಟೆಯಡಿ ಬಿಳಿ ನಾಣ್ಯದಂಥದ್ದು ಹೊತ್ತಿದ್ದರೆ ಅದು ಹೆಣ್ಣು, ಬಿಳಿಯದು ಮೊಟ್ಟೆಚೀಲ. ಒತ್ತಿ ಹಿಡಿದರೆ ಕಚ್ಚಬಹುದು, ಸ್ವಲ್ಪ ನೋವು, ಊತ, ಅಷ್ಟೇ. ಈ ಜೇಡ ಜಾಸ್ತಿ ಕಂಡರೆ ಮನೆಯಲ್ಲಿ ಜಿರಳೆ ಜಾಸ್ತಿ ಇದೆ ಅಂತ ತಿಳಿಯಿರಿ.

ಹೂಗಿಡಗಳ ನಡುವೆ ಬಲೆಯ ಮಧ್ಯೆ ಅಂಕುಡೊಂಕು ಬಿಳಿ ಗೆರೆ ಹಾಕಿ, ಕಾಲು ಜೋಡಿಸಿ ಗುಣಾಕಾರದ ಗುರುತಿನಂತೆ ಕೂರುವ ಜೇಡವೂ ನಿರುಪದ್ರವಿ. ಮಳೆ ಕಡಿಮೆಯಾಗುವ ಹೊತ್ತಿಗೆ ಅಡಕೆ ಮರಗಳ ನಡುವೆ ಹೊಂಬಣ್ಣದ ನೂಲಿನ ದೊಡ್ಡ ಬಲೆ ಹಾಕುವ ಉದ್ದ ಕಾಲಿನ ಜೇಡ ನಮ್ಮ ನಾಡಿನ ಅತಿ ದೊಡ್ಡ ಬಲೆಗಾರ್ತಿ. ತೋಟಕ್ಕೆ ಹೋಗುವಾಗ ಮುಂದೆ ಒಂದು ಕೋಲು ಆಡಿಸುತ್ತ ಹೋದರೆ ಬಲೆ ಮುಖಕ್ಕೆ ಸುತ್ತಿಕೊಳ್ಳುವುದು ತಪ್ಪುತ್ತದೆ. ಘಟ್ಟದ ಕಡೆ ಮರದ ಪೊಟರೆಯಲ್ಲಿ ಮೈತುಂಬ ರೋಮದ ದಪ್ಪ ಜೇಡಗಳಿವೆ, ಅವು ಕಚ್ಚಿದರೆ ನೋವಿನ ಜೊತೆ ಸ್ನಾಯು ಹಿಡಿತವೂ ಬರಬಹುದು. ಪೊಟರೆಗೆ ಕೈ ಹಾಕದಿದ್ದರೆ ಅವುಗಳ ಭೇಟಿಯೇ ಆಗುವುದಿಲ್ಲ.

ಬೆಳಿಗ್ಗೆ ಎದ್ದಾಗ ಕಂಡ ಗುಳ್ಳೆಗೆ ಜೇಡವೇ ಕಾರಣ ಅಂತ, ಕಚ್ಚುವುದನ್ನು ಕಣ್ಣಾರೆ ನೋಡದೆ ಹೇಳಬೇಡಿ. ಹಾಗೆ ಹೇಳಿದರೆ ಡಾಕ್ಟರೂ ದಾರಿ ತಪ್ಪಬಹುದು. ಗೆರೆಯಂತೆ ಇದ್ದರೆ ಹಂತ 4ರ ದುಂಬಿ. ಮೈಯ ಒಂದೇ ಬದಿಗೆ ಪಟ್ಟಿಯಂತೆ ಎದ್ದು, ಮುಟ್ಟಿದರೆ ಒಳಗಿನಿಂದ ನೋಯುತ್ತಿದ್ದರೆ ಸರ್ಪಸುತ್ತು, ಅದಕ್ಕೆ ಮೊದಲ ಎರಡು ಮೂರು ದಿನಗಳಲ್ಲೇ ಮದ್ದು ಶುರುವಾಗಬೇಕು. ನಡುವೆ ಕೀವು ತುಂಬಿ ಬಿಸಿಯಾಗಿದ್ದರೆ ಕುರು, ಸಕ್ಕರೆ ಕಾಯಿಲೆ ಇರುವವರು ಅದನ್ನು ತಡಮಾಡಬಾರದು. ನಿಜವಾಗಿ ಜೇಡ ಕಚ್ಚಿದ್ದರೆ ಸೋಪಿನಲ್ಲಿ ತೊಳೆದು ಐಸ್ ಇಡಿ. ನೋವು ಏರುತ್ತಲೇ ಹೋದರೆ, ಸ್ನಾಯು ಹಿಡಿದರೆ, ಸುತ್ತಲಿನ ಕೆಂಪು ಹರಡಿದರೆ ಆಸ್ಪತ್ರೆಗೆ ಹೋಗಿ.

ಮನೆಯಿಂದ ಹೊರಗೆ ಹಾಕಬೇಕು ಅನ್ನಿಸಿದರೆ ಹೀಗೆ ಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಜೇಡದ ಮೇಲೆ ನಿಧಾನ ಕವುಚಿ. ಗೋಡೆಗೂ ಡಬ್ಬಿಗೂ ನಡುವೆ ದಪ್ಪ ರಟ್ಟು ತೂರಿಸಿ. ಕ್ಯಾಲೆಂಡರಿನ ಹಳೆ ಹಾಳೆ ತೆಳು, ಮಡಚಿಕೊಳ್ಳುತ್ತದೆ, ಮದುವೆ ಕಾಗದದ ರಟ್ಟು ಸರಿಯಾಗುತ್ತದೆ. ಕಾಲು ಸಿಕ್ಕದಂತೆ ನೋಡಿ ಎತ್ತಿ, ಸೌದೆ ಕೊಟ್ಟಿಗೆಗೆ ಒಯ್ದು ಬಿಡಿ. ಅಲ್ಲಿ ಜಿರಳೆ ಬೇಕಾದಷ್ಟು ಇರುತ್ತವೆ.